ಮೈ ಸಕ್ಕರೆ ಕುಡಿದ ಬೆಳಗು

ನಡುರಾತ್ರಿ ದಾಟಿದ ಮೇಲೆ ಎರಡನೆಯ ಕೋಣೆಯಿಂದ ಬಿಸ್ಕತ್ತಿನ ಕಾಗದ ಚರಚರ ಎಂದಿತು. ಬಹಳ ಮೆಲ್ಲಗೆ. ಕದ್ದು ಬಿಚ್ಚುವವರು ಮಾತ್ರ ಅಷ್ಟು ಮೆಲ್ಲಗೆ ಬಿಚ್ಚುತ್ತಾರೆ.

ಹೊರಗಿನ ಮೇಜಿನ ಹಿಂದೆ ಕುಳಿತಿದ್ದ ನರ್ಸಿಗೆ ಜೀವ ಬಾಯಿಗೆ ಬಂತು. ಆ ಕೋಣೆಯಲ್ಲಿ ಮಲಗಿದ್ದವರು ರಾತ್ರಿಯ ಊಟವಾದ ಮೇಲೆ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಬೆಳಗಿನ ಪರೀಕ್ಷೆಗಾಗಿ ತಿಂಗಳುಗಟ್ಟಲೆ ಕಾದದ್ದು ಒಂದು ಬಿಸ್ಕತ್ತಿನಲ್ಲಿ ನೀರುಪಾಲಾಗಿಬಿಡುತ್ತಿತ್ತು. ಅವಳು ಚಪ್ಪಲಿ ಮೆಟ್ಟದೆ ಓಡಿ ಹೋಗಿ ದೀಪ ಹಾಕಿದಳು.

ಮಂಚದ ಮೇಲೆ ಕ್ರೇನ್ ಚಾಲಕರು ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ, ಹೊದಿಕೆಯನ್ನು ತಲೆಯ ಮೇಲಕ್ಕೆಳೆದುಕೊಂಡು, ಎರಡೂ ಕೆನ್ನೆ ಉಬ್ಬಿಸಿಕೊಂಡು ಸಿಕ್ಕಿಬಿದ್ದರು.

"ನಾನು ತಂಗೀ, ನಾನು," ಎಂದರು ನುಂಗಿಕೊಂಡು. "ಅವರಲ್ಲ. ಅವರು ಉಪವಾಸ ಅಂತ ನಾನೂ ಉಪವಾಸ ಇರ್ತೀನಿ ಅಂದಿದ್ದೆ. ಶೂರತನ ಇಷ್ಟು ಹೊತ್ತಿಗೆ ಮುಗೀತು."

ಗೊರಕೆ ನಿಂತಿತು. "ಶೂರತನ ಆಗ್ಲೇ ಮುಗಿದಿತ್ತು," ಎಂದರು ಚಾಲಕರು ಕಣ್ಣು ತೆರೆಯದೆ. "ಇದು ಎರಡನೇ ಪೊಟ್ಟಣ."

"ನಿದ್ದೆ ಮಾಡ್ತಿದ್ದೀರಿ ಅಂದ್ಕೊಂಡ್ರೆ ಲೆಕ್ಕ ಇಡ್ತಿದ್ದೀರಾ?"

"ಹಸಿದವನಿಗೆ ನಿದ್ದೆ ಎಲ್ಲಿಂದ ಬರುತ್ತೆ? ವಾಸನೆ ಬೇರೆ. ಪಂಪಕ್ಕ, ಇವಳನ್ನ ಹೊರಗೆ ಹಾಕಿ. ಇಲ್ಲಾಂದ್ರೆ ಬೆಳಗ್ಗೆ ನನ್ನ ಬದಲು ಇವಳಿಗೇ ಸೂಜಿ ಚುಚ್ಚಿ."

ಅವಳು ನಕ್ಕಳು. ಆದರೂ ಚಾಲಕರ ತುಟಿಯ ಸುತ್ತ ಪುಡಿ ಏನಾದರೂ ಅಂಟಿದೆಯೇ ಎಂದು ಬಗ್ಗಿ ನೋಡಿಯೇ ಹೊರಗೆ ಬಂದದ್ದು. ಮನೆಯಲ್ಲಿ ಮಲಗುವ ಮುಂಚೆ ಗ್ಯಾಸಿನ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವವಳು ಅವಳು. ಈ ಕೆಲಸಕ್ಕೆ ಅವಳನ್ನು ಆರಿಸಿಕೊಂಡ ಡಾಕ್ಟರು ಅದನ್ನು ಕೇಳಿ, "ನನಗೆ ಬೇಕಾಗಿದ್ದದ್ದು ಇಂಥ ರೋಗವೇ," ಎಂದಿದ್ದರು.

ಪಂಪಕ್ಕ ಎಂಬ ಹೆಸರು ಚಾಲಕರು ಇಟ್ಟದ್ದು. ನಾಲ್ಕು ತಿಂಗಳ ಹಿಂದೆ ಮೊದಲ ಪರೀಕ್ಷೆಗೆ ಬಂದಾಗ, ಮಂಚದ ಪಕ್ಕದ ಎರಡು ಪಂಪುಗಳ ನಡುವೆ ಅವಳು ಬೆಳಗಿನಿಂದ ಪರೀಕ್ಷೆ ಮುಗಿಯುವವರೆಗೆ ಕದಲದೆ ನಿಂತದ್ದನ್ನು ನೋಡಿ, "ನಿಮ್ಮದೂ ನನ್ನ ಕೆಲಸದ ಹಾಗೇ. ಒಂದ್ಸಲ ಹತ್ತಿ ಕೂತ್ರೆ ನಡುವೆ ಇಳಿಯೋ ಹಾಗಿಲ್ಲ," ಎಂದಿದ್ದರು. ವಯಸ್ಸಿನಲ್ಲಿ ಮಗಳಂತಿದ್ದರೂ ಅಂದಿನಿಂದ ಅವಳು ಅವರಿಗೆ ಅಕ್ಕ.

ಅವರ ಕೆಲಸ ಎತ್ತರದ ಕಟ್ಟಡಗಳ ಮೇಲಿನ ಕ್ರೇನಿನಲ್ಲಿ. ಬೆಳಗ್ಗೆ ಏಣಿ ಹತ್ತಿ ಮೋಡದ ಪಕ್ಕ ಕುಳಿತರೆ ಸಂಜೆಗೆ ಇಳಿಯುವುದು. ಮದುವೆಗೆ ಮುಂಚಿನಿಂದಲೂ ಅದೇ ಕೆಲಸ. ಐದು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ನುಂಗುತ್ತ ಹೇಗೋ ನಡೆಯುತ್ತಿತ್ತು. ಈಗ ಮಾತ್ರೆಗಳೂ ಕೈಚೆಲ್ಲಿದ್ದವು. ಇನ್ನು ಇನ್ಸುಲಿನ್ ಇಂಜೆಕ್ಷನ್ನೇ ಗತಿ ಎಂದು ಕಂಪನಿಯ ವೈದ್ಯರು ಹೇಳಿದ್ದರು. ಇಂಜೆಕ್ಷನ್ ಶುರುವಾದವರನ್ನು ಕ್ರೇನ್ ಹತ್ತಿಸುವಂತಿಲ್ಲ ಎಂಬುದು ಕಂಪನಿಯ ನಿಯಮ. ಸಕ್ಕರೆ ಒಮ್ಮೆಲೇ ಇಳಿದು ಮೇಲೆ ಕುಳಿತವರಿಗೆ ಕಣ್ಣು ಕತ್ತಲಿಟ್ಟರೆ ಕೆಳಗಿರುವವರ ಗತಿ ಏನು? ನಿಯಮ ತಪ್ಪೆಂದು ಚಾಲಕರೇ ಹೇಳುತ್ತಿರಲಿಲ್ಲ. "ಸರಿಯಾದ ನಿಯಮ. ನನ್ನ ಮೇಲೆ ಬೀಳದೆ ಇದ್ರೆ ಇನ್ನೂ ಸರಿಯಾಗಿರ್ತಿತ್ತು," ಎನ್ನುತ್ತಿದ್ದರು. ಕೊನೆಯ ಪ್ರಯತ್ನವೆಂದು ಆಸ್ಪತ್ರೆಯ ಈ ಔಷಧಿ ಅಧ್ಯಯನಕ್ಕೆ ಹೆಸರು ಕೊಟ್ಟಿದ್ದರು.

ಅಧ್ಯಯನ ಒಂದು ಮಾತ್ರೆಯ ಮೇಲೆ. ಅವರು ಮೊದಲಿನಿಂದ ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು, ಇರುವ ಇನ್ಸುಲಿನ್ ಸಾಲದೆಂದು ಹೊಟ್ಟೆಯೊಳಗಿನ ಗ್ರಂಥಿಯನ್ನು ಇನ್ನಷ್ಟು ಸುರಿಸು ಎಂದು ದುಡಿಸುವಂಥದು. ಇನ್ನೊಂದು, ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಬಿಡುವ ಲಿವರಿಗೆ ಸಾಕು ನಿಲ್ಲಿಸು ಎನ್ನುವಂಥದು. ಈ ಮೂರನೆಯದರ ದಾರಿ ಬೇರೆ. ಅದು ಹೋಗಿ ಕೆಲಸ ಮಾಡುವುದು ಮಾಂಸದಲ್ಲಿ, ಕೊಬ್ಬಿನಲ್ಲಿ. ಇನ್ಸುಲಿನ್ ಇದ್ದೂ ಅದರ ಮಾತು ಕೇಳದೆ ಕುಳಿತ ಮೈಯನ್ನು ನಿಧಾನವಾಗಿ, ವಾರಗಟ್ಟಲೆ ಹಿಡಿದು, ಕೇಳುವಂತೆ ಮಾಡುವುದು. ಹಾಗೆಂದು ಡಾಕ್ಟರ ನಂಬಿಕೆ. ನಿಜವೋ ಸುಳ್ಳೋ ನೋಡಬೇಕಿತ್ತು. ಅದಕ್ಕಾಗಿ ಅರ್ಧ ಜನರಿಗೆ ಮಾತ್ರೆ, ಇನ್ನರ್ಧ ಜನರಿಗೆ ಅದೇ ಬಣ್ಣದ, ಅದೇ ಗಾತ್ರದ ಹಿಟ್ಟಿನ ಬಿಲ್ಲೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಪೂರ್ತಿ ಮುಗಿಯಲು ಇನ್ನೂ ಒಂದು ವರ್ಷವಿತ್ತು. ಅಲ್ಲಿಯವರೆಗೆ ಪರೀಕ್ಷೆಯ ಅಂಕಿಗಳನ್ನು ಬಂದವರಿಗೆ ಹೇಳುವಂತಿರಲಿಲ್ಲ. ಹೇಳಿದ್ದು ಗೊತ್ತಾದರೆ ಅವರನ್ನು ಅಧ್ಯಯನದಿಂದ ಕೈಬಿಡಬೇಕು. ಮಾತ್ರೆಯೂ ಅಲ್ಲಿಗೇ ನಿಲ್ಲುತ್ತದೆ.

ಬೆಳಗ್ಗೆ ಏಳಕ್ಕೆ ಕೆಲಸ ಶುರುವಾಯಿತು. ಚಾಲಕರ ಬಲಗೈಯನ್ನು ಬೆಚ್ಚಗಿನ ಪೆಟ್ಟಿಗೆಯೊಳಗೆ ಇಟ್ಟಳು. ಬೆಚ್ಚಗಿದ್ದರೆ ನರ ಅರಳಿ ರಕ್ತ ಸಲೀಸಾಗಿ ಬರುತ್ತದೆ. ಎಡತೋಳಿನ ನರಕ್ಕೆ ಒಂದೇ ಸೂಜಿ, ಅದಕ್ಕೆ ಬಂದು ಸೇರುವ ಎರಡು ನಳಿಕೆ. ಒಂದರಲ್ಲಿ ಇನ್ಸುಲಿನ್, ಇನ್ನೊಂದರಲ್ಲಿ ಸಕ್ಕರೆ ನೀರು.

"ತಂಗೀ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡ," ಎಂದರು ಹೆಂಡತಿ. "ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ನೀರು ಹತ್ತಿಸೋದು ಯಾವ ಊರಿನ ವೈದ್ಯ?"

"ಕಳೆದ ಸಲಾನೂ ಇದನ್ನೇ ಕೇಳಿದ್ರಿ."

"ಕಳೆದ ಸಲ ನೀನು ಹೇಳಿದ್ದು ಅರ್ಥ ಆಗ್ಲಿಲ್ಲ. ಅರ್ಥ ಆದೋರ ಹಾಗೆ ತಲೆ ಆಡಿಸಿದ್ದೆ."

"ಸುಮ್ನಿರೇ," ಎಂದರು ಗಂಡ. "ಅವರು ಒಂದು ಕಡೆಯಿಂದ ಇಳಿಸ್ತಾರೆ, ಇನ್ನೊಂದು ಕಡೆಯಿಂದ ಏರಿಸ್ತಾರೆ. ಸಂಬಳಕ್ಕೆ ಮಾಡ್ತಾರೆ, ನಿನಗೇನು?"

ಅವರ ಮಾತು ತಮಾಷೆಯಾದರೂ ಅರ್ಧ ನಿಜ. ಇನ್ಸುಲಿನ್ ಪಂಪು ಉದ್ದಕ್ಕೂ ಒಂದೇ ವೇಗದಲ್ಲಿ ಹೋಗುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಇನ್ಸುಲಿನ್ ಮೈಗೆ ಸೇರಿದಂತೆ ರಕ್ತದ ಸಕ್ಕರೆ ಇಳಿಯಲು ನೋಡುತ್ತದೆ. ತೊಂಬತ್ತಕ್ಕಿಂತ ಕೆಳಗೆ ಇಳಿಯಲು ಬಿಡಬಾರದು. ಐದೈದು ನಿಮಿಷಕ್ಕೊಮ್ಮೆ ಒಂದು ಹನಿ ರಕ್ತ ತೆಗೆದು ನೋಡಬೇಕು, ಎಷ್ಟು ಇಳಿಯುವಂತಿದೆಯೋ ಅಷ್ಟು ಸಕ್ಕರೆ ನೀರನ್ನು ಇನ್ನೊಂದು ಪಂಪಿನಿಂದ ಕೊಟ್ಟು ತೊಂಬತ್ತರಲ್ಲೇ ಹಿಡಿದು ನಿಲ್ಲಿಸಬೇಕು. ತುಂಬಿದ ಲೋಟವನ್ನು ತುಳುಕದಂತೆ ಹಿಡಿದು ಎರಡು ಮೂರು ಗಂಟೆ ನಡೆಯುವಂಥ ಕೆಲಸ. ಹಾಗೆ ನಿಲ್ಲಿಸಲು ಎಷ್ಟು ಸಕ್ಕರೆ ಕೊಡಬೇಕಾಯಿತೋ ಅಷ್ಟನ್ನು ಮೈ ಒಳಗೆ ತೆಗೆದುಕೊಂಡಿತು ಎಂದು ಅರ್ಥ. ಹೆಚ್ಚು ಬೇಡಿದರೆ ಮಾಂಸ ಇನ್ಸುಲಿನ್ನಿನ ಮಾತು ಕೇಳುತ್ತಿದೆ. ಕಡಿಮೆ ಸಾಕಾದರೆ ಕೇಳುತ್ತಿಲ್ಲ.

ನಾಲ್ಕು ತಿಂಗಳ ಹಿಂದೆ ಚಾಲಕರ ಮಾಂಸ ಕೇಳಿರಲಿಲ್ಲ. ಸಕ್ಕರೆ ಪಂಪಿನ ವೇಗ ಗಂಟೆಗೆ ಐವತ್ತು ಮಿಲಿಲೀಟರಿನ ಆಸುಪಾಸಿನಲ್ಲಿ ಮಂಕಾಗಿ ನಿಂತುಬಿಟ್ಟಿತ್ತು. ಅಷ್ಟು ಇನ್ಸುಲಿನ್ ರಕ್ತದಲ್ಲಿ ಹರಿಯುತ್ತಿದ್ದರೂ ಮೈ ಗುಟುಕು ಗುಟುಕಾಗಿ ಮಾತ್ರ ಸಕ್ಕರೆ ತೆಗೆದುಕೊಂಡಿತ್ತು. ಬಾಗಿಲು ಬಡಿದದ್ದೇ ಬಡಿದದ್ದು, ಮನೆಯೊಳಗೆ ಜನರಿದ್ದೂ ಯಾರೂ ಏಳದಂತೆ.

ಬಾಗಿಲು ಎಂದರೆ ಬರಿಯ ಹೋಲಿಕೆಯಲ್ಲ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಡಾಕ್ಟರು ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದರು. ಯಾರದೋ ತೊಡೆಯಿಂದ ತೆಗೆದ ಮಾಂಸದ ಎಳೆ. ಸಕ್ಕರೆಯನ್ನು ಒಳಗೆ ಬಿಡುವ ಬಾಗಿಲುಗಳಿಗೆ ಹಸಿರು ಹೊಳಪು ಹತ್ತಿಸಿದ್ದರು. ಇನ್ಸುಲಿನ್ ಸೋಕುವ ಮುಂಚಿನ ಚಿತ್ರದಲ್ಲಿ ಆ ಹಸಿರು ಚುಕ್ಕೆಗಳೆಲ್ಲ ಎಳೆಯ ಒಳಗೆಲ್ಲೋ ಗುಂಪುಗುಂಪಾಗಿ ಮಲಗಿದ್ದವು. ಸೋಕಿದ ಮೇಲಿನ ಚಿತ್ರದಲ್ಲಿ ಅಂಚಿಗೆ ಬಂದಿದ್ದವು. ಅಂಚಿನುದ್ದಕ್ಕೂ ಹಸಿರು ಗೆರೆ. "ಬಾಗಿಲು ಗೋಡೆಯಲ್ಲಿ ಇರೋದಿಲ್ಲ," ಎಂದಿದ್ದರು ಡಾಕ್ಟರು. "ಒಳಗಡೆ ಮಡಚಿಟ್ಟಿರುತ್ತೆ. ಹೊರಗಿಂದ ತಟ್ಟಿದ್ದು ಕೇಳಿದ ಮೇಲೆ ಎದ್ದು ನಡ್ಕೊಂಡು ಬಂದು ಗೋಡೆಗೆ ಸೇರಿಕೊಳ್ಳುತ್ತೆ. ಕೆಲಸ ಆದ ಮೇಲೆ ಮತ್ತೆ ಒಳಗೆ ಹೋಗುತ್ತೆ." ಅಂದು ಅವಳು ಬಸ್ಸಿನಲ್ಲಿ ಮನೆಗೆ ಹೋಗುವಾಗ ತನ್ನ ಮೊಣಕೈಯನ್ನೇ ನೋಡುತ್ತ ಕುಳಿತು ಇಳಿಯುವ ನಿಲ್ದಾಣ ದಾಟಿ ಹೋಗಿದ್ದಳು.

ಮೊದಲ ಗಂಟೆ ಮಾತಿನಲ್ಲೇ ಕಳೆಯಿತು. ಚಾಲಕರು ಹೊಸ ಕ್ರೇನಿನ ಸುದ್ದಿ ಹೇಳಿದರು. ಊರಿನಲ್ಲೇ ಎತ್ತರದ್ದು, ಸೋಮವಾರ ಶುರು. ಯಾರು ಹತ್ತುವುದೆಂದು ಮೇಸ್ತ್ರಿಗೆ ಇವತ್ತು ಮಧ್ಯಾಹ್ನದೊಳಗೆ ತಿಳಿಸಬೇಕು. "ನೀನೇ ಹತ್ತಬೇಕು, ನೀನು ಬರದೆ ಇದ್ರೆ ಮಾತ್ರ ಬೇರೆಯವನು ಅಂದಿದ್ದಾನೆ. ಪರೀಕ್ಷೆ ಮುಗಿಸಿ ಹೇಳ್ತೀನಿ ಅಂದೆ."

"ಪರೀಕ್ಷೆ ಮುಗಿದ್ರೂ ನಾನು ಏನೂ ಹೇಳೋ ಹಾಗಿಲ್ಲ," ಎಂದಳು ಅವಳು. "ಡಾಕ್ಟರು ನೋಡಿ, ಅಂಕಿ ಹೇಳದೆ, ಇಂಜೆಕ್ಷನ್ ಬೇಕೋ ಬೇಡ್ವೋ ಅಂತ ಮಾತ್ರ ಕಂಪನಿಯವರಿಗೆ ಬುಧವಾರದೊಳಗೆ ಹೇಳ್ತಾರೆ."

"ಗೊತ್ತು ಬಿಡಿ. ನಿಮ್ಮ ಬಾಯಿಂದ ಒಂದು ಮಾತು ತೆಗೆಯೋದು ಅಂದ್ರೆ ಸಿಮೆಂಟಲ್ಲಿ ಹೂತ ಮೊಳೆ ಕಿತ್ತ ಹಾಗೆ."

ಆಮೇಲೆ ಸಕ್ಕರೆ ಪಂಪಿನ ಅಂಕಿ ಏರತೊಡಗಿತು.

ಮೊದಲು ಅವಳಿಗೆ ವಿಶೇಷವೆನಿಸಲಿಲ್ಲ. ರಕ್ತದ ಹನಿ ಎಂಬತ್ತೈದು ತೋರಿಸಿತು. ಪಂಪನ್ನು ಐವತ್ತೈದಕ್ಕೆ ಏರಿಸಿದಳು. ಮುಂದಿನ ಹನಿಯಲ್ಲೂ ಎಂಬತ್ತೈದು. ಅರವತ್ತೈದಕ್ಕೆ ಏರಿಸಿದಳು. ಅದೂ ಸಾಲಲಿಲ್ಲ. ಎಪ್ಪತ್ತು ದಾಟಿದಾಗ ಅವಳು ಪಂಪಿನಿಂದ ಕಣ್ಣು ತೆಗೆದು ನಳಿಕೆಯ ಕಡೆ ನೋಡಿದಳು. ಇಷ್ಟು ಸಕ್ಕರೆ ಎಲ್ಲಿ ಹೋಗುತ್ತಿದೆ? ನಿಜವಾಗಿ ನರದೊಳಗೇ ಹೋಗುತ್ತಿದೆಯೇ? ಎಲ್ಲಾದರೂ ಸೋರಿ ಹೊರಗೆ ಹೋಗುತ್ತಿದ್ದರೆ, ಇನ್ಸುಲಿನ್ ಮಾತ್ರ ಒಳಗಿಳಿಯುತ್ತಿದ್ದರೆ, ಮಂಚದ ಮೇಲಿನ ಮನುಷ್ಯ ತಮಾಷೆ ಮಾಡುತ್ತ ಮಾಡುತ್ತಲೇ ಪ್ರಜ್ಞೆ ತಪ್ಪಬಹುದು.

"ಬೆವರ್ತಾ ಇದೆಯಾ? ಕೈ ನಡುಗ್ತಿದೆಯಾ?"

"ಇಲ್ಲ. ಯಾಕೆ?"

"ಸುಮ್ನೆ ಕೇಳಿದೆ."

ಸುಮ್ಮನೆ ಕೇಳುವ ಹೆಂಗಸಲ್ಲ ಅವಳು ಎಂಬುದು ಗಂಡಹೆಂಡಿರಿಬ್ಬರಿಗೂ ಅಷ್ಟು ಹೊತ್ತಿಗೆ ಗೊತ್ತಿತ್ತು. ಅವಳು ನಳಿಕೆಯ ಒಂದೊಂದು ಕೂಡುಜಾಗವನ್ನೂ ಬಿಳಿ ಬಟ್ಟೆಯಿಂದ ಒತ್ತಿ ನೋಡಿದಳು. ಒಣಗಿತ್ತು. ಆ ಸಕ್ಕರೆ ನೀರು ಪಾಕದ ಹಾಗೆ ಅಂಟುತ್ತದೆ, ಒಂದು ಹನಿ ಬಿದ್ದರೂ ಬೆರಳಿಗೆ ತಿಳಿಯುತ್ತದೆ. ಚಾದರದ ಮೇಲೆ, ಚಾದರದ ಕೆಳಗೆ, ಮಂಚದ ಪಟ್ಟಿಯ ಮೇಲೆ ಕೈಯಾಡಿಸಿದಳು. ಎಲ್ಲಿಯೂ ಅಂಟಿಲ್ಲ. ತೋಳು ಊದಿಲ್ಲ, ತಣ್ಣಗೂ ಇಲ್ಲ. ಅಳೆಯುವ ಯಂತ್ರವೇ ಕೆಟ್ಟಿದೆಯೇನೋ ಎಂದು, ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರವವನ್ನು ಅದಕ್ಕೆ ಹಾಕಿ ನೋಡಿದಳು. ಯಂತ್ರ ಸರಿಯಾಗಿಯೇ ಹೇಳಿತು.

"ಏನು ಹುಡುಕ್ತಿದ್ದೀಯ ತಂಗೀ?" ಎಂದರು ಹೆಂಡತಿ. "ಓಲೆ ಬಿದ್ದಿದೆಯಾ?"

"ಇಲ್ಲ. ಎಲ್ಲ ಸರಿಯಾಗಿದೆ."

ಎಲ್ಲ ಸರಿಯಾಗಿತ್ತು. ಅವಳಿಗೆ ಒಮ್ಮೆಗೇ ಅದು ಹೊಳೆದು ಮೈ ಜುಮ್ಮೆಂದಿತು. ಸೋರಿಕೆಯಿಲ್ಲ, ತಪ್ಪಿಲ್ಲ. ಇಷ್ಟೂ ಸಕ್ಕರೆ ಹೋಗುತ್ತಿದ್ದದ್ದು ಮನುಷ್ಯನೊಳಕ್ಕೆ. ಅವಳು ಎಂಬತ್ತಕ್ಕೆ ಏರಿಸಿದಳು, ಕುಡಿಯಿತು. ತೊಂಬತ್ತು, ಕುಡಿಯಿತು. ನೂರು ದಾಟಿಸುವಾಗ ಅವಳ ಬೆರಳು ಗುಂಡಿಯ ಮೇಲೆ ಸ್ವಲ್ಪ ತಡೆಯಿತು. ಮುಂದಿನ ಹನಿ ಬಂದು ತೊಂಬತ್ತೆಂದು ತೋರಿಸಿತು. ಅದರ ಮುಂದಿನದೂ ತೊಂಬತ್ತು. ಅಲ್ಲಿಗೆ ಎರಡೂ ಕಡೆ ಸಮವಾಗಿ ನಿಂತವು.

ಅವಳು ಚಾಲಕರ ಕಾಲುಗಳ ಕಡೆ ನೋಡಿದಳು. ತೆಳುವಾದ ಹೊದಿಕೆಯ ಕೆಳಗೆ ದಿನಾ ಏಣಿ ಹತ್ತಿ ಗಟ್ಟಿಯಾದ ತೊಡೆಗಳು ಅಲುಗಾಡದೆ ಬಿದ್ದಿದ್ದವು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಒಳಗೆ, ಲೆಕ್ಕಕ್ಕೆ ಸಿಗದಷ್ಟು ಎಳೆಗಳಲ್ಲಿ, ವರ್ಷಗಟ್ಟಲೆ ಏಳದೆ ಮಲಗಿದ್ದ ಬಾಗಿಲುಗಳು ಈ ಗಳಿಗೆಯಲ್ಲಿ ಎದ್ದು ಅಂಚಿಗೆ ನಡೆದುಬರುತ್ತಿದ್ದವು. ಯಾರ ಅಪ್ಪಣೆಯೂ ಬೇಡದೆ. ಆ ಮನುಷ್ಯನಿಗೇ ಗೊತ್ತಿಲ್ಲದೆ. ಕಡಲೆಕಾಳಿನಷ್ಟು ದೊಡ್ಡ ಒಂದು ಬಿಲ್ಲೆ ಇದನ್ನು ಮಾಡಿದ್ದೇ ಹೌದಾದರೆ, ಅದು ಬಾಯಿಂದ ಹೊಟ್ಟೆಗೆ, ಹೊಟ್ಟೆಯಿಂದ ರಕ್ತಕ್ಕೆ ಹೋಗಿ, ಕೊಬ್ಬಿನ ಜೀವಕಣಗಳ ಕೇಂದ್ರವೆಂಬ ನಡುಮನೆ ಹೊಕ್ಕು, ಅಲ್ಲಿ ಬರೆದಿಟ್ಟ ಅಪ್ಪಣೆಗಳಲ್ಲಿ ಕೆಲವನ್ನು ಎಬ್ಬಿಸಿ, ಕೆಲವನ್ನು ಮಲಗಿಸಿ, ಮಾಂಸದಲ್ಲಿ ಸೇರಬಾರದೆಡೆ ಸೇರಿದ್ದ ಜಿಡ್ಡನ್ನು ತೆಗೆಸಿ, ಕಿವಿಯಿಲ್ಲದ ಮಾಂಸಕ್ಕೆ ಕಿವಿ ಕೊಟ್ಟಿತ್ತು. ಅಷ್ಟು ವರ್ಷ ಪಂಪಿನ ಮುಂದೆ ನಿಂತವಳು ಅವಳು. ಆದರೂ ಒಂದು ಮೈ ಹೀಗೆ ಬದಲಾದದ್ದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಕೈಮುಗಿಯಬೇಕೆನ್ನಿಸಿತು. ಯಾರಿಗೆ ಎಂದು ತಿಳಿಯದೆ ಕೈಗಳನ್ನು ಅಂಗಿಯ ಜೇಬಿನೊಳಗೆ ಇಟ್ಟುಕೊಂಡಳು.

ಅವಳು ಆ ಬೆರಗಿನಲ್ಲಿ ಮುಳುಗಿದ್ದರಿಂದ, ಚಾಲಕರ ಮಾತು ಯಾವಾಗ ನಿಂತಿತೆಂದು ಗಮನಿಸಲಿಲ್ಲ. ಕೊನೆಯ ಅರ್ಧ ಗಂಟೆ ಅವರು ಎದುರಿನ ಗೋಡೆಯ ಕಡೆಗೇ ನೋಡುತ್ತಿದ್ದರು. ಹೆಂಡತಿ ಎರಡು ಸಲ ಕೆಣಕಿದರು. ಅವರು ತಿರುಗಿ ನೋಡಲಿಲ್ಲ.

ಕೊನೆಯ ಹನಿಯೂ ಮುಗಿಯಿತು. ಅವಳು ಇನ್ಸುಲಿನ್ ಪಂಪನ್ನು ನಿಲ್ಲಿಸಿ, ಸಕ್ಕರೆ ಪಂಪನ್ನು ನಿಧಾನವಾಗಿ ಹರಿಯಲು ಬಿಟ್ಟು, ಬೆಚ್ಚಗಿನ ಪೆಟ್ಟಿಗೆಯಿಂದ ಅವರ ಕೈಯನ್ನು ಹೊರಗೆ ತೆಗೆದಳು. "ಆಯ್ತು. ಈಗ ಬ್ರೆಡ್ಡು, ಮೊಟ್ಟೆ ತರಿಸ್ತೀನಿ. ಹೊಟ್ಟೆ ತುಂಬ ತಿನ್ನಿ."

"ಫೋನ್ ಕೊಡು," ಎಂದರು ಚಾಲಕರು ಹೆಂಡತಿಗೆ.

"ಮೊದಲು ತಿನ್ನಿ."

"ಕೊಡು ಅಂದೆ. ಮೇಸ್ತ್ರಿಗೆ ಹೇಳ್ಬೇಕು. ನನ್ನ ಬದಲು ಆ ಹುಡುಗನ್ನ ಹತ್ತಿಸು ಅಂತ."

ಹೆಂಡತಿಗೆ ಅರ್ಥವಾಗಲಿಲ್ಲ. "ಯಾವ ಹುಡುಗ? ಏನು ಹೇಳ್ತಿದ್ದೀರಿ?"

ಅವರು ಗದ್ದದಿಂದ ಎದುರಿನ ಔಷಧಿ ಕಪಾಟನ್ನು ತೋರಿಸಿದರು. ಕಪಾಟಿನ ಗಾಜಿನಲ್ಲಿ ಪಂಪಿನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಕಿಗಳು ತಿರುಗುಮುರುಗಾಗಿದ್ದವು, ಅಷ್ಟೆ. ಪಂಪನ್ನು ಮಲಗಿದವರಿಗೆ ಕಾಣದ ಹಾಗೆ ಗೋಡೆಯತ್ತ ತಿರುಗಿಸಿ ಇಡುವುದು ಅವಳದೇ ಕೆಲಸ. ತಿರುಗಿಸಿದ್ದಳು ಕೂಡ. ಆ ಗೋಡೆಗೆ ಒರಗಿದ ಕಪಾಟು ಮಾತ್ರ ಹೋದ ವಾರ ಹೊಸದಾಗಿ ಬಂದದ್ದು.

"ಕ್ರೇನಿನ ಕನ್ನಡೀಲಿ ದಿನಾ ನೋಡ್ತೀನಿ, ಕನ್ನಡಿಯೊಳಗಿನ ಅಂಕಿ ಓದೋದು ನನಗೆ ಹೊಸದಲ್ಲ," ಎಂದರು. "ಕಳೆದ ಸಲ ಐವತ್ತು ಅಂತ ನಿಮ್ಮ ಬಾಯಲ್ಲೇ ಕೇಳಿದ್ದೆ, ಡಾಕ್ಟರಿಗೆ ಹೇಳ್ತಿದ್ರಿ. ಇವತ್ತು ನೋಡ್ತಾ ನೋಡ್ತಾ ನೂರು ದಾಟ್ತು. ನೀವೂ ಗಾಬರಿ ಬಿದ್ದು ಮಂಚ ಎಲ್ಲ ತಡಕಾಡಿದ್ರಿ. ಸಕ್ಕರೆ ಏರಿದೆ. ಎರಡು ಪಟ್ಟು. ಮಾತ್ರೆ ನನಗೆ ನಾಟಿಲ್ಲ. ಇನ್ನೇನಿದೆ, ಇಂಜೆಕ್ಷನ್ನು."

ಹೆಂಡತಿ ಕುರ್ಚಿಯ ಅಂಚಿನಲ್ಲಿ ಕೂತರು. ಐದು ವರ್ಷದಿಂದ ಎಲ್ಲರೂ ಆ ಮನುಷ್ಯನಿಗೆ ಒಂದೇ ಪಾಠ ಹೇಳಿಕೊಟ್ಟಿದ್ದರು. ಅಂಕಿ ಏರಿದರೆ ಕೆಟ್ಟದ್ದು, ಇಳಿದರೆ ಒಳ್ಳೆಯದು. ಅವಳು ನಿಂತು ಬೆರಗಾದ ಅದೇ ಅಂಕಿಯನ್ನು ಅದೇ ಹೊತ್ತಿನಲ್ಲಿ ನೋಡುತ್ತ ಅವರು ತಮ್ಮ ಬದುಕಿನಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

"ಆ ಅಂಕಿ ನೀವಂದ್ಕೊಂಡ ಹಾಗಲ್ಲ," ಎಂದಳು ಎಚ್ಚರದಿಂದ.

"ಹಾಗಾದ್ರೆ ಹೇಗೆ?"

"ಅದನ್ನ ಡಾಕ್ಟರು ಹೇಳ್ತಾರೆ. ಸಂಜೆ ಬರ್ತಾರೆ. ಅಲ್ಲಿವರೆಗೆ ಫೋನ್ ಮಾಡ್ಬೇಡಿ."

"ಮಧ್ಯಾಹ್ನದೊಳಗೆ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಮೇಸ್ತ್ರಿನ ಕಾಯಿಸಿ ಕೊನೆಗೆ ಕೈ ಕೊಡೋದು ನನ್ನಿಂದಾಗಲ್ಲ. ಪಂಪಕ್ಕ, ನೀವು ಒಳ್ಳೆಯವರು. ಸಮಾಧಾನದ ಮಾತು ಬೇಡ. ಇಷ್ಟು ವರ್ಷ ಮೇಲೆ ಕೂತಿದ್ದೆ, ಸಾಕು ಅನ್ಸುತ್ತೆ. ಗೇಟ್ ಹತ್ರ ಒಂದು ಕುರ್ಚಿ ಕೊಡ್ತಾರೆ." ಫೋನಿಗಾಗಿ ಕೈ ಚಾಚಿ, "ಗೇಟಿಂದ ಏನು ಕಾಣುತ್ತೆ? ಗಾಡಿಗಳ ಚಕ್ರ," ಎಂದರು.

ಹೆಂಡತಿ ಫೋನನ್ನು ಕೈಯಲ್ಲಿ ಹಿಡಿದು ಗಂಡನ ಮುಖವನ್ನೂ ಅವಳ ಮುಖವನ್ನೂ ನೋಡುತ್ತಿದ್ದರು. "ತಂಗೀ, ಏನಾದ್ರೂ ಹೇಳಮ್ಮ," ಎಂದರು. "ಹೇಳೋಕಾಗದೆ ಇದ್ರೂ ಹೇಳು."

ಅವಳು ಹೊರಗಿನ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಳು. ಸಭೆಯಲ್ಲಿದ್ದರೇನೋ, ಎತ್ತಲಿಲ್ಲ. ಇನ್ನೊಂದು ಸಲ ಮಾಡಿದಳು. ಆ ಹೊತ್ತಿಗೆ ಚಾಲಕರು ಹೆಂಡತಿಯ ಕೈಯಿಂದ ಫೋನು ಇಸಿದುಕೊಂಡು ಹೆಬ್ಬೆರಳಿನಿಂದ ಮೇಸ್ತ್ರಿಯ ನಂಬರು ಹುಡುಕುತ್ತಿದ್ದರು.

"ಇಡಿ ಅದನ್ನ," ಎಂದಳು. ಧ್ವನಿ ಅವಳಿಗೇ ಜೋರೆನಿಸಿತು. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕುಳಿತಳು. ಇಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವಳು ಕುಳಿತದ್ದು ಅದೇ ಮೊದಲು.

"ನೀವು ಗಾಜಲ್ಲಿ ನೋಡಿದ್ದು ನಿಮ್ಮ ರಕ್ತದ ಸಕ್ಕರೆ ಅಲ್ಲ. ರಕ್ತದ ಸಕ್ಕರೆ ಬೆಳಗ್ಗಿಂದ ತೊಂಬತ್ತರ ಹತ್ರಾನೇ ಇದೆ, ನಾನೇ ಹಿಡಿದು ನಿಲ್ಸಿದ್ದೀನಿ. ನೀವು ನೋಡಿದ್ದು, ಅದನ್ನ ಅಲ್ಲಿ ನಿಲ್ಲಿಸೋಕೆ ನಾನು ಎಷ್ಟು ಸಕ್ಕರೆ ಸುರಿಬೇಕಾಯ್ತು ಅನ್ನೋದು. ಕಳೆದ ಸಲ ಸ್ವಲ್ಪ ಸುರಿದ್ರೆ ಸಾಕಾಗಿತ್ತು. ಯಾಕಂದ್ರೆ ನಿಮ್ಮ ಮೈ ತಗೊಳ್ತಾ ಇರ್ಲಿಲ್ಲ. ಇವತ್ತು ಕೊಟ್ಟಷ್ಟೂ ಕುಡೀತು. ಅದಕ್ಕೇ ನಾನು ಹೆದರಿ ಮಂಚ ತಡಕಾಡಿದ್ದು. ಎಲ್ಲೋ ಸೋರ್ತಿದೆ ಅಂದ್ಕೊಂಡೆ. ಒಂದು ಹನೀನೂ ಸೋರಿಲ್ಲ."

ಚಾಲಕರು ಅವಳನ್ನೇ ನೋಡುತ್ತಿದ್ದರು. "ಹಾಗಂದ್ರೆ ನೂರು ಅನ್ನೋದು..."

"ಒಳ್ಳೇದು."

"ಏರಿದ್ದು ಒಳ್ಳೇದಾ?"

"ಈ ಒಂದು ಪಂಪಲ್ಲಿ ಏರಿದ್ದು ಒಳ್ಳೇದು."

"ಎಲ್ಲಿ ಹೋಯ್ತು ಅಷ್ಟೂ ಸಕ್ಕರೆ?" ಎಂದರು ಹೆಂಡತಿ.

"ಮುಕ್ಕಾಲು ಪಾಲು ಮಾಂಸಕ್ಕೆ. ತೊಡೆಗೆ, ಬೆನ್ನಿಗೆ, ತೋಳಿಗೆ."

ಹೆಂಡತಿ ಎದ್ದು ಬಂದು, ಹೊದಿಕೆಯ ಮೇಲಿಂದ ಗಂಡನ ತೊಡೆಯ ಮೇಲೆ ಅಂಗೈ ಇಟ್ಟರು. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಚಾಲಕರು ತಮ್ಮ ಬಲಗೈಯನ್ನು ಎತ್ತಿ ಬೆಳಕಿಗೆ ಹಿಡಿದು, ಬೆರಳು ಮಡಚಿ, ಬಿಡಿಸಿ ನೋಡಿಕೊಂಡರು. ಬೇರೆಯವರ ಕೈಯನ್ನು ತಂದು ಜೋಡಿಸಿದಂತೆ ಬಹಳ ಗೌರವದಿಂದ ನೋಡಿದರು.

"ನನಗೇನೂ ಗೊತ್ತಾಗ್ಲಿಲ್ಲ," ಎಂದರು ಕೊನೆಗೆ, ಮೆಲ್ಲಗೆ. "ನನ್ನೊಳಗೇ ಇಷ್ಟೆಲ್ಲ ನಡೀತು. ಒಂದು ಸದ್ದಿಲ್ಲ."

"ಕೇಳಿ," ಎಂದಳು ಅವಳು. "ಇದು ಮಾತ್ರೆಯಿಂದ ಆಯ್ತು ಅಂತ ನಾನು ಹೇಳ್ಲಿಲ್ಲ. ನನಗೆ ಗೊತ್ತಿಲ್ಲ. ಇಂಜೆಕ್ಷನ್ ಬೇಡ ಅಂತಾನೂ ಹೇಳ್ಲಿಲ್ಲ. ಅದು ಡಾಕ್ಟರ ಮಾತು. ನೀವು ತಪ್ಪು ತಿಳ್ಕೊಂಡು ಇಳಿಬಾರ್ದು ಅಂತ ಮಾತ್ರ ಹೇಳಿದೆ."

"ಹೇಳಿದ್ದಕ್ಕೆ ನಿಮಗೇನಾದ್ರೂ ಆಗುತ್ತಾ?"

"ನನಗಿಂತ ನಿಮಗೇ ಆಗುತ್ತೆ. ಮಾತ್ರೆ ನಿಲ್ಲಿಸ್ತಾರೆ."

"ಹಾಗಾದ್ರೆ ನಾನು ಏನೂ ಕೇಳಿಸ್ಕೊಂಡಿಲ್ಲ," ಎಂದರು. "ಇವಳು ಬಿಸ್ಕತ್ತು ತಿನ್ನೋ ಸದ್ದಲ್ಲಿ ಯಾರ ಮಾತು ಕೇಳ್ಸುತ್ತೆ?"

"ನಾನು ಈಗ ತಿಂತಾ ಇಲ್ಲ!"

"ತಿನ್ನು ಮತ್ತೆ. ಇವತ್ತು ತಿನ್ನು."

ಹೆಂಡತಿ ನಗಲು ಹೋಗಿ ಅತ್ತುಬಿಟ್ಟರು. ಚಾಲಕರು ಮೇಸ್ತ್ರಿಗೆ ಫೋನ್ ಮಾಡಿದರು. "ಹಾಂ, ನಾನೇ. ಬುಧವಾರದವರೆಗೆ ಆ ಹುಡುಗನ್ನ ಹತ್ತಿಸು, ಆದ್ರೆ ಸೀಟು ನನ್ನದು ಅಂತ ಹೇಳಿಡು. ಡಾಕ್ಟರು ಹೂಂ ಅಂದ್ರೆ ಗುರುವಾರ ಬರ್ತೀನಿ, ಅನ್ನದೆ ಇದ್ರೆ ನಾನೇ ಬಂದು ಅವನಿಗೆ ಬಿಟ್ಟುಕೊಡ್ತೀನಿ. ಏನು? ಧ್ವನಿ ಹೇಗಿದೆ? ಹಸಿವು ಮಾರಾಯಾ, ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ."

ಅವರು ಊಟ ಮುಗಿಸಿ ಹೊರಟ ಮೇಲೆ ಅವಳು ಕೋಣೆಯಲ್ಲಿ ಒಬ್ಬಳೇ ಉಳಿದಳು. ಕಪಾಟಿನ ಗಾಜಿಗೆ ಹೊರಗಿನಿಂದ ಬಿಳಿ ಕಾಗದ ಅಂಟಿಸಿದಳು. ಇನ್ನು ಮುಂದೆ ಬರುವ ಯಾರಿಗೂ ಅಲ್ಲಿ ಏನೂ ಕಾಣುವುದಿಲ್ಲ. ನಳಿಕೆಗಳನ್ನು ಬಿಚ್ಚಿದಳು. ಖಾಲಿಯಾದ ಸಕ್ಕರೆ ಚೀಲ ಜೋತುಬಿದ್ದು ಹಗುರವಾಗಿ ಅಲ್ಲಾಡುತ್ತಿತ್ತು. ಬೆಳಗ್ಗೆ ಅದರಲ್ಲಿ ತುಂಬಿದ್ದದ್ದು ಈಗ ಬಸ್ಸು ಹತ್ತಿ ಮನೆಗೆ ಹೋಗುತ್ತಿತ್ತು, ಒಬ್ಬ ಮನುಷ್ಯನ ಕಾಲಾಗಿ, ಕೈಯಾಗಿ. ಅವಳು ಆ ಚೀಲವನ್ನು ಎಸೆಯಲು ಮನಸ್ಸಾಗದೆ ತುಸು ಹೊತ್ತು ಹಿಡಿದುಕೊಂಡೇ ನಿಂತಳು.

ತಾನು ಮಾಡಿದ್ದು ಸಣ್ಣದಲ್ಲವೆಂದು ಅವಳಿಗೆ ಗೊತ್ತಿತ್ತು. ಅಂಕಿಗಳು ಸುಳ್ಳಾಗಿರಲಿಲ್ಲ. ಅವಳು ಬಾಯಿ ಬಿಡುವ ಮುಂಚೆಯೇ ಅಳತೆ ಮುಗಿದಿತ್ತು. ಆದರೆ ಇನ್ನು ಒಂದು ವರ್ಷ ಆ ಮನುಷ್ಯ ನಂಬಿಕೆಯಿಂದ ಮಾತ್ರೆ ನುಂಗುತ್ತಾರೆ, ಒಂದನ್ನೂ ತಪ್ಪಿಸುವುದಿಲ್ಲ, ಉಳಿದವರ ಹಾಗೆ ಅನುಮಾನ ಪಡುವುದಿಲ್ಲ. ಅಷ್ಟರಮಟ್ಟಿಗೆ ಅವರು ಬೇರೆಯಾದರು. ಡಾಕ್ಟರ ಅಧ್ಯಯನದಲ್ಲಿ ಒಂದು ಕೂದಲೆಳೆಯ ಬಿರುಕು, ಅದನ್ನು ಇಟ್ಟವಳು ತಾನು. ಹೇಳಿದರೆ ಬಿರುಕು ಮುಚ್ಚಬಹುದು. ಮುಚ್ಚಲು ಆ ಮನುಷ್ಯನನ್ನೇ ಹೊರಗೆ ಹಾಕಬೇಕು, ಮಾತ್ರೆ ನಿಲ್ಲಬೇಕು, ಎದ್ದ ಬಾಗಿಲುಗಳು ಮತ್ತೆ ಒಂದೊಂದಾಗಿ ಮಲಗಬೇಕು.

ಸಂಜೆ ಡಾಕ್ಟರು ಬಂದರು. ಬೆಳಗಿನ ಅಳತೆಯ ನಕ್ಷೆಯಲ್ಲಿನ ಗೆರೆಗಳನ್ನು ನೋಡಿ ಕನ್ನಡಕ ತೆಗೆದರು, ಒರೆಸಿಕೊಂಡು ಮತ್ತೆ ಹಾಕಿಕೊಂಡು ನೋಡಿದರು.

"ಸೋರಿಕೆ?"

"ಇಲ್ಲ ಸರ್. ಎಲ್ಲ ಕಡೆ ನೋಡಿದೆ."

"ಯಂತ್ರ?"

"ಅದನ್ನೂ ನೋಡಿದೆ."

ಡಾಕ್ಟರು ಕಿಟಕಿಯ ಹತ್ತಿರ ಹೋಗಿ ನಿಂತರು. "ಅಬ್ಬಾ," ಎಂದರು ಆಮೇಲೆ, ಅವಳಿಗಲ್ಲ, ಹೊರಗಿನ ಬೀದಿಗೆ ಹೇಳುವಂತೆ. ತಲೆ ನರೆತ ಆ ಮನುಷ್ಯನ ಧ್ವನಿಯಲ್ಲಿ, ಬೆಳಗ್ಗೆ ತನ್ನ ಮೈಯಲ್ಲಿ ಹರಿದುಹೋದದ್ದೇ ಹರಿಯುತ್ತಿರುವುದು ಅವಳಿಗೆ ಕೇಳಿಸಿತು. "ಬೆಳಗ್ಗೆ ಎರಡು ಸಲ ಫೋನ್ ಮಾಡಿದ್ರಲ್ಲ, ಏನಾಗಿತ್ತು?"

ಅವಳು ನಕ್ಷೆಯ ಹಾಳೆಯನ್ನು ಮಡಚಿದಳು. ಮನೆಗೆ ಹೋದ ಮೇಲೆ ಗಂಡ ಕೇಳುತ್ತಾನೆ, ಇವತ್ತು ಏನು ವಿಶೇಷ ಎಂದು. ನಾಳೆ ಜೊತೆಯ ನರ್ಸು ಕೇಳುತ್ತಾಳೆ. ವರ್ಷ ಕಳೆದು ಎಲ್ಲ ಬಯಲಾದ ದಿನ ಡಾಕ್ಟರೇ ಇನ್ನೊಮ್ಮೆ ಕೇಳಬಹುದು. ಪ್ರತಿಸಲವೂ ಇದೇ ಮಾತು ಹೇಳಬೇಕಾಗುತ್ತದೆ.

"ಇಷ್ಟು ಏರ್ತಿದೆಯಲ್ಲ ಅಂತ ಭಯ ಆಗಿತ್ತು ಸರ್," ಎಂದಳು. "ಆಮೇಲೆ ಸರಿಹೋಯ್ತು." ಅದಕ್ಕಿಂತ ಹೆಚ್ಚಿನದನ್ನು ಯಾರಿಗೂ, ಯಾವತ್ತೂ ಹೇಳಬಾರದೆಂದು ಅಲ್ಲೇ ನಿಂತು ನಿಶ್ಚಯಿಸಿದಳು.